ಗಾವ್ ಶುನ್: ಲ್ಯೂ ಬು ಕೈಕೆಳಗಿದ್ದ ಏಳ್ನೂರು ಜನರ ದಂಡನಾಯಕನ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಯಾರಪ್ಪಾ ಈ ಗಾವ್ ಶುನ್? ಹೆಸರೇ ಕೇಳಿಲ್ಲ

ಕೇಳಿರಲ್ಲ ಬಿಡಿ. ಚೀನಾದ ಮೂರು ರಾಜ್ಯಗಳ ಕಾಲದ ಕಥೆ ಗೇಮ್‌ನಲ್ಲೋ ಸೀರಿಯಲ್‌ನಲ್ಲೋ ನೋಡಿರೋರಿಗೂ ಇವನು ಹಿಂದಿನ ಸಾಲಲ್ಲಿ ನಿಂತಿರೋ ಒಬ್ಬ ಅಷ್ಟೇ. ಲ್ಯೂ ಬು ಅನ್ನೋ ದೊಡ್ಡ ಹೆಸರಿನ ಸೇನಾಧಿಪತಿ ಕೈಕೆಳಗೆ ದಂಡನಾಯಕ ಆಗಿದ್ದ, ಪದವಿ ಜೊಂಗ್‌ಲಾಂಗ್ ಜಿಯಾಂಗ್, ಅಂದ್ರೆ ಜನರಲ್ ಅನ್ನೋ ದರ್ಜೆಗಿಂತ ಕೆಳಗಿನದು. ದಾಖಲೇಲಿ ಅವನು ಕಾಣಿಸ್ಕೊಳ್ಳೋದು ಕ್ರಿ.ಶ. 196ರ ಬೇಸಿಗೆಯಿಂದ 199ರ ಶುರುವಿನವರೆಗೆ ಮಾತ್ರ, ಮೂರು ವರ್ಷನೂ ತುಂಬಲ್ಲ, ಹುಟ್ಟೂರು ಇಲ್ಲ, ಹುಟ್ಟಿದ ವರ್ಷ ಇಲ್ಲ, ಅಪ್ಪ ಅಮ್ಮನ ಹೆಸರಿಲ್ಲ. ಆದ್ರೂ ಹದಿನೆಂಟು ಶತಮಾನ ಆದ್ಮೇಲೂ ಜನ ಅವನ ಬಗ್ಗೆ ಜಗಳ ಆಡ್ತಾರೆ.

ಇದು ಮೂರು ರಾಜ್ಯಗಳ ಯುದ್ಧನಾ?

ಅದಕ್ಕೂ ಮುಂಚೆ. ಮೂರು ರಾಜ್ಯ ಅಂತ ಅಧಿಕೃತವಾಗಿ ಶುರುವಾಗೋದು 220ರ ಮೇಲೆ, ಅಷ್ಟೊತ್ತಿಗೆ ಗಾವ್ ಶುನ್ ಸತ್ತು ಇಪ್ಪತ್ತು ವರ್ಷ ಆಗೋಗಿತ್ತು. ಇದು ಹಾನ್ ಸಾಮ್ರಾಜ್ಯ ಕುಸಿದು ಬೀಳ್ತಿದ್ದ ಕಾಲ. 184ರಲ್ಲಿ ಹಳದಿ ರುಮಾಲಿನವರ ದಂಗೆ ಎದ್ತು, 189ರಲ್ಲಿ ಚಕ್ರವರ್ತಿ ಲಿಂಗ್ ತೀರ್ಕೊಂಡ, ಅರಮನೆ ಒಳಗೇ ಕಡಿದಾಟ ಆಯ್ತು, ಆ ಸಂದೀಲಿ ದೊಂಗ್ ಜುವೊ ಅನ್ನೋನು ಪಶ್ಚಿಮದ ಗಡಿ ಸೈನ್ಯ ತಗೊಂಡ್ಬಂದು ರಾಜಧಾನಿ ಹಿಡ್ಕೊಂಡು ಎಳೇ ಹುಡುಗನ್ನ ಸಿಂಹಾಸನದ ಮೇಲೆ ಕೂರ್ಸಿ ಆಡಳಿತ ಪೂರ್ತಿ ತಾನೇ ಮಾಡ್ದ. ಪೂರ್ವದ ಪ್ರಾಂತ್ಯದೋರು ಅವನ ವಿರುದ್ಧ ಒಂದಾದ್ರು, ಆಮೇಲೆ ಅವರವರಲ್ಲೇ ಬಡಿದಾಟ ಶುರು. ಹೆಸರಿಗೆ ಎಲ್ಲರೂ ಚಕ್ರವರ್ತಿಯ ಸೇವಕರೇ, ಆದ್ರೆ ಪ್ರತಿಯೊಬ್ಬನಿಗೂ ಸ್ವಂತ ಸೈನ್ಯ, ಸ್ವಂತ ಸೀಮೆ.

ಲ್ಯೂ ಬು ಅಂದ್ರೆ ಆ ದೊಡ್ಡ ವೀರ ಅಲ್ವಾ?

ಹೌದು, ಅವನೇ. ಉತ್ತರದ ಗಡಿಯವನು, ಊರು ಈಗಿನ ಒಳ ಮಂಗೋಲಿಯಾದ ಬಾವ್‌ಟೋ ಕಡೆ. ಕುದುರೆ, ಬಿಲ್ಲು ಎರಡರಲ್ಲೂ ಎತ್ತಿದ ಕೈ, ಆ ವಿಷ್ಯದಲ್ಲಿ ಎರಡು ಮಾತಿಲ್ಲ. ತೊಂದ್ರೆ ಇರೋದು ಬೇರೆ ಕಡೆ. ಮೊದ್ಲು ದಿಂಗ್ ಯುವಾನ್ ಹತ್ರ ಇದ್ದ, ಅವನನ್ನ ಕೊಂದು ದೊಂಗ್ ಜುವೊ ಕಡೆ ಹೋದ, ಅವನು ಮಗನ ಥರ ಇಟ್ಕೊಂಡ, 192ರಲ್ಲಿ ಮಂತ್ರಿ ವಾಂಗ್ ಯುನ್ ಜೊತೆ ಸೇರ್ಕೊಂಡು ಅವನನ್ನೂ ಕೊಂದ. ರಾಜಧಾನಿಯಿಂದ ಓಡಿಸ್ಕೊಂಡು ಯುವಾನ್ ಶೂ, ಯುವಾನ್ ಶಾವ್, ಜಾಂಗ್ ಯಾಂಗ್ ಅಂತ ಸ್ವಂತ ಸೈನ್ಯ ಇದ್ದ ಒಬ್ಬೊಬ್ಬ ನಾಯಕರ ಬಾಗ್ಲು ತಟ್ಟಿದ. 194ರಲ್ಲಿ ತ್ಸಾವ್ ತ್ಸಾವ್ ಅನ್ನೋ ಇನ್ನೊಬ್ಬ ಸೇನಾನಾಯಕ, ಮುಂದೆ ಲ್ಯೂ ಬುನ ಮುಗಿಸೋನು ಇವನೇ, ಬೇರೆ ಕಡೆ ಯುದ್ಧದಲ್ಲಿದ್ದಾಗ ಅವನ ಪ್ರಾಂತ್ಯ ಹೆಚ್ಚುಕಮ್ಮಿ ಪೂರ್ತಿ ಹಿಡ್ಕೊಂಡ, ಮುಂದಿನ ವರ್ಷ ಸೋತು ಲಿಯು ಬೆಯ್ ಅನ್ನೋ ಮತ್ತೊಬ್ಬ ನಾಯಕನ ಹತ್ರ ಬಂದು ಆಶ್ರಯ ಕೇಳ್ದ, 196ರಲ್ಲಿ ಆ ಲಿಯು ಬೆಯ್ ಊರಲ್ಲಿಲ್ಲದಾಗ ಅವನ ಕೋಟೆ ಶಿಯಾಪಿನೇ ಕಿತ್ಕೊಂಡ. ಇಂಥವನ ಹತ್ರ ಕೊನೇವರೆಗೂ ನಿಯತ್ತಾಗಿದ್ದವನು ಗಾವ್ ಶುನ್, ಅದಕ್ಕೇ ಜನಕ್ಕೆ ಕುತೂಹಲ.

ಗಾವ್ ಶುನ್ ಬಗ್ಗೆ ಎಲ್ಲಿ ಬರೆದಿದೆ?

ಚೆನ್ ಶೋ ಬರೆದ ಮೂರು ರಾಜ್ಯಗಳ ಇತಿಹಾಸದಲ್ಲಿ ಇವನಿಗೆ ಅಂತ ಬೇರೆ ಅಧ್ಯಾಯ ಇಲ್ಲ, ಲ್ಯೂ ಬು ಚರಿತ್ರೆ ಒಳಗೆ ಒಂದೆರಡು ಸಾಲಲ್ಲಿ ಬಂದು ಹೋಗ್ತಾನೆ. ಅಸಲಿ ಮಾಲು ಇರೋದು ಟಿಪ್ಪಣಿಗಳಲ್ಲಿ. ಪೆಯ್ ಸೊಂಗ್‌ಜಿ ಅನ್ನೋ ವಿದ್ವಾಂಸ ಆ ಇತಿಹಾಸಕ್ಕೆ ಹಳೇ ಪುಸ್ತಕಗಳಿಂದ ಎತ್ತಿ ಎತ್ತಿ ಟಿಪ್ಪಣಿ ಸೇರ್ಸಿ 429ರಲ್ಲಿ ಮುಗಿಸ್ದ, ಅದರಲ್ಲಿ ವಾಂಗ್ ತ್ಸಾನ್ ಹೆಸರಲ್ಲಿರೋ ವೀರರ ದಾಖಲೆ ಒಂದರ ತುಣುಕುಗಳಿವೆ, ಗಾವ್ ಶುನ್ ಸ್ವಭಾವ, ಅವನ ಪಡೆ, ಮುಂದೆ ಹೇಳೋ ರಾತ್ರಿ ದಂಗೆ ಎಲ್ಲಾ ಬಂದಿರೋದು ಅಲ್ಲಿಂದ.

ಇಲ್ಲೊಂದು ಮಜಾ ಇದೆ. ವಾಂಗ್ ತ್ಸಾನ್ ಅನ್ನೋ ಈ ಕವಿ ಕೊನೇಗಾಲದಲ್ಲಿ ಇದ್ದಿದ್ದು ತ್ಸಾವ್ ತ್ಸಾವ್ ಆಸ್ಥಾನದಲ್ಲಿ, 217ರಲ್ಲಿ ಸತ್ತ. ಅಂದ್ರೆ ಗಾವ್ ಶುನ್ ತಲೆ ತೆಗೆಸಿದವನ ಅನ್ನ ತಿಂದವನ ಹೆಸರಿನ ಪುಸ್ತಕದಲ್ಲೇ ಅವನ ಬಗ್ಗೆ ಇಷ್ಟು ಒಳ್ಳೇ ಮಾತು. ಎದುರಾಳಿ ಕಡೆಯವರು ಹೊಗಳಿದ್ರೆ ಸ್ವಲ್ಪ ನಂಬ್ಬಹುದು ಅನ್ನೋದು ನನ್ನ ಲೆಕ್ಕ. ಆದ್ರೆ ಇಂಥ ಒಳ್ಳೆಯವನ ಮಾತನ್ನೂ ಲ್ಯೂ ಬು ಕೇಳ್ಲಿಲ್ಲ ನೋಡಿ ಅಂತ ತೋರ್ಸೋಕೂ ಆ ಹೊಗಳಿಕೆ ಅನುಕೂಲ ಆಗುತ್ತೆ, ಅದನ್ನೂ ತಲೇಲಿಟ್ಕೊಂಡೇ ಓದಬೇಕು.

ಸ್ವಭಾವ ಹೇಗಿತ್ತಂತೆ?

ಶುದ್ಧ ಕೈ, ಗಂಭೀರ ಮನುಷ್ಯ, ಕುಡಿಯಲ್ಲ, ಯಾರಿಂದ್ಲೂ ಕಾಣಿಕೆ ತಗೊಳ್ಳಲ್ಲ. ಇಷ್ಟೇ ಬರೆದಿರೋದು. ಕಾಣಿಕೆ ತಗೊಳ್ಳದಿರೋದು ಒಳ್ಳೇ ಗುಣ ಅಂತ ನಮಗೆ ಅನ್ಸುತ್ತೆ, ಆದ್ರೆ ಆ ಕಾಲದ ಸೈನ್ಯದಲ್ಲಿ ಕಾಣಿಕೆ ಕೊಡೋದು, ತಗೊಳ್ಳೋದು, ಒಟ್ಟಿಗೆ ಕೂತು ಕುಡಿಯೋದು, ಇದರಲ್ಲೇ ಗೆಳೆತನ ಬೆಳೀತಿತ್ತು, ಕಷ್ಟ ಬಂದಾಗ ಯಾರು ಯಾರ ಕಡೆ ಅನ್ನೋದು ತೀರ್ಮಾನ ಆಗ್ತಿತ್ತು. ಮುಂದೆ ಶಿಯಾಪಿ ಬಿದ್ದಾಗ ಬೇರೆ ದಂಡನಾಯಕರು ಗುಂಪು ಕಟ್ಕೊಂಡ್ರು, ಇವನು ಆ ಗುಂಪಲ್ಲಿರ್ಲಿಲ್ಲ.

ಏಳ್ನೂರು ಜನರ ಪಡೆ ಅಂತಾರಲ್ಲ, ಅದೇನು?

ಅವನ ಕೈಕೆಳಗೆ ಏಳ್ನೂರು ಚಿಲ್ಲರೆ ಜನ, ಹೇಳ್ಕೊಳ್ಳೋದು ಮಾತ್ರ ಸಾವಿರ ಅಂತ. ಆ ಕಾಲದಲ್ಲಿ ಎಲ್ಲರೂ ಲೆಕ್ಕ ಏರಿಸೇ ಹೇಳ್ತಿದ್ರು, ಇವನ ಕಡೆಯ ಏರಿಕೆ ತುಂಬಾ ಮರ್ಯಾದೆಯದ್ದೇ ಅನ್ನಿ. ಕವಚ, ಆಯುಧ ಎಲ್ಲಾ ಚೊಕ್ಕ, ಒಂದೇ ಸಮ, ಯಾವುದರ ಮೇಲೆ ನುಗ್ಗಿದ್ರೂ ಒಡೀದೇ ಬಿಟ್ಟಿದ್ದಿಲ್ಲ, ಅದಕ್ಕೇ ವ್ಯೂಹ ಭೇದಿಸೋ ಪಡೆ ಅಂತ ಹೆಸರು. ಚೀನೀಲಿ ಶಿಯೆನ್‌ಜೆನ್ ಯಿಂಗ್.

ಏಳ್ನೂರು ಜನ ಅಂದ್ರೆ ಕಮ್ಮಿ ಅಲ್ವಾ ಅಂತ ಕೇಳ್ತೀರ. ಅಲ್ಲ. ಆಗಿನ ಸೈನ್ಯ ಅಂದ್ರೆ ಬಹುಪಾಲು ಹೊಟ್ಟೆಪಾಡಿಗೆ ಬಂದ ರೈತರು, ಸೋತು ಶರಣಾದ ದಂಗೆಕೋರರು, ಅವರ ಹಿಂದೆ ಬರೋ ಸಂಸಾರಗಳು. ಅಂಥ ಗುಂಪಿನ ಎದುರು ಚೆನ್ನಾಗಿ ಪಳಗಿದ ಏಳೆಂಟು ನೂರು ಜನ ಒಂದೇ ಕಡೆ ನುಗ್ಗಿದ್ರೆ ಸಾಲು ಒಡೆಯುತ್ತೆ, ಸಾಲು ಒಡೆದ್ರೆ ಹಿಂದಿನವರು ಓಡ್ತಾರೆ, ಅಲ್ಲಿಗೆ ಮುಗೀತು. ಯುವಾನ್ ಶಾವ್ ಹತ್ರ ಜ್ಯೂ ಯಿ ಅಂತ ಒಬ್ಬ ದಂಡನಾಯಕ ಇದ್ದ, ಜಿಯೆಚಿಯಾವ್ ಕಾಳಗದಲ್ಲಿ ಎಂಟುನೂರು ಜನ ಮುಂದಿಟ್ಕೊಂಡು ಗೊಂಗ್‌ಸುನ್ ಜಾನ್‌ನ ಹೆಸರಾಂತ ಕುದುರೆ ಪಡೇನೇ ಮುರಿದ. 215ರಲ್ಲಿ ಹೆಫೆಯ್ ಊರಲ್ಲಿ ಜಾಂಗ್ ಲಿಯಾವ್ ಅನ್ನೋ ದಂಡನಾಯಕ ದಕ್ಷಿಣದ ದೊರೆ ಸುನ್ ಚುವಾನ್ ಮೇಲೆ ನುಗ್ಗಿದ್ದೂ ಎಂಟುನೂರು ಜನರ ಜೊತೆನೇ. ಈ ಜಾಂಗ್ ಲಿಯಾವ್ ಇದಾನಲ್ಲ, ಅವನು ಲ್ಯೂ ಬು ಕಾಲದಲ್ಲಿ ಗಾವ್ ಶುನ್ ಜೊತೆಗೇ ಯುದ್ಧಕ್ಕೆ ಹೋದವನು. ನೋಡಿ ಕಲ್ತಿದ್ನಾ ಅಂತ ಕೇಳಿದ್ರೆ, ಕಲ್ತಿರ್ಬಹುದು ಅನ್ನೋಕೆ ನನಗಂತೂ ಆಸೆ.

ಆ ರಾತ್ರಿ ದಂಗೆ ಕಥೆ ಪೂರ್ತಿ ಹೇಳಿ

196ರ ಆರನೇ ಚೀನೀ ತಿಂಗಳು, ಶಿಯಾಪಿ ಕೋಟೆ, ನಡುರಾತ್ರಿ. ಹಾವ್ ಮೆಂಗ್ ಅನ್ನೋ ಲ್ಯೂ ಬು ಕಡೆಯ ದಂಡನಾಯಕನೇ ತನ್ನ ಜನ ಕಟ್ಕೊಂಡು ಲ್ಯೂ ಬು ಇದ್ದ ಕಚೇರಿ ಮೇಲೆ ಬಿದ್ದ. ಹೊರಗೆ ಕಿರುಚಾಟ, ಬಾಗ್ಲು ಗಟ್ಟಿ ಇದ್ದಿದ್ರಿಂದ ಒಳಗೆ ಬರೋಕಾಗ್ಲಿಲ್ಲ. ಬಂದಿರೋದು ಯಾರು ಅಂತ ಲ್ಯೂ ಬುಗೆ ಗೊತ್ತಿಲ್ಲ. ಆ ಮಹಾವೀರ ಏನ್ಮಾಡ್ದ ಗೊತ್ತಾ, ತಲೆಗೆ ಟೋಪಿ ಇಲ್ಲ, ಮೈಮೇಲೆ ಬಟ್ಟೆ ಸರಿಯಿಲ್ಲ, ಹೆಂಡ್ತಿ ಕೈ ಹಿಡ್ಕೊಂಡು ಪಾಯಖಾನೆ ಕಡೆಯಿಂದ ಗೋಡೆ ದಾಟ್ಕೊಂಡು ಹೊರಗೆ ಬಿದ್ದ, ನೇರ ಓಡಿದ್ದು ಗಾವ್ ಶುನ್ ಪಾಳೆಯಕ್ಕೆ, ಅವನ ಬಾಗ್ಲು ತಳ್ಕೊಂಡು ಒಳಗೆ ನುಗ್ದ.

ಇಷ್ಟೊಂದು ದಂಡನಾಯಕರಿದ್ರು, ಪ್ರಾಣ ಉಳಿಸ್ಕೊಳ್ಳೋ ಹೊತ್ತಲ್ಲಿ ಕಾಲು ತಾನಾಗೇ ಯಾರ ಕಡೆ ಹೋಯ್ತು ನೋಡಿ.

ಗಾವ್ ಶುನ್ ಗಾಬರಿ ಆಗ್ಲಿಲ್ಲ, ಬಂದವರ ಬಗ್ಗೆ ಏನಾದ್ರೂ ಗುರುತು ಸಿಕ್ತಾ ಅಂತ ಕೇಳ್ದ. ಲ್ಯೂ ಬು ಹೇಳಿದ್ದು ಇಷ್ಟೇ, ಮಾತು ಹೆನೇಯ್ ಕಡೆಯ ಥರ ಇತ್ತು ಅಂತ. ಹಾಗಾದ್ರೆ ಹಾವ್ ಮೆಂಗೇ ಅಂದ ಗಾವ್ ಶುನ್. ಹೆನೇಯ್ ಅಂದ್ರೆ ಹಳದಿ ನದಿಯ ಉತ್ತರಕ್ಕಿರೋ ಸೀಮೆ, ಲ್ಯೂ ಬು ಅಲೆದಾಡ್ತಿದ್ದಾಗ ಅಲ್ಲೂ ಇದ್ದವನೇ, ಆದ್ರೂ ಆ ಮಾತು ಯಾರದ್ದು ಅಂತ ಅವನಿಗೆ ಹೊಳೀಲಿಲ್ಲ. ಹತ್ತಾರು ಊರಿನ ಜನ ಕಲೆತಿದ್ದ ಸೈನ್ಯದಲ್ಲಿ ಯಾರು ಯಾವ ಕಡೆಯವರು ಅನ್ನೋದು ಗಾವ್ ಶುನ್ ತಲೇಲಿತ್ತು.

ತಕ್ಷಣ ಪಡೆ ಕಟ್ಕೊಂಡು ಕಚೇರಿಗೆ ನುಗ್ಗಿ ಬಾಣದ ಮಳೆ ಸುರಿಸ್ದ, ದಂಗೆಕೋರರು ಚೆಲ್ಲಾಪಿಲ್ಲಿ, ಬೆಳಕು ಹರಿಯೋ ಹೊತ್ತಿಗೆ ಹಾವ್ ಮೆಂಗ್ ತನ್ನ ಪಾಳೆಯಕ್ಕೆ ವಾಪಸ್ ಓಡ್ದ. ಅಲ್ಲಿ ಅವನ ಕೈಕೆಳಗಿನ ತ್ಸಾವ್ ಶಿಂಗ್ ಅನ್ನೋನೇ ಅವನ ವಿರುದ್ಧ ತಿರುಗಿಬಿದ್ದಿದ್ದ. ಇಬ್ಬರಿಗೂ ಹೊಡೆದಾಟ ಆಗಿ ಹಾವ್ ಮೆಂಗ್ ಅವನನ್ನ ಗಾಯ ಮಾಡ್ದ, ಅವನು ಹಾವ್ ಮೆಂಗ್‌ನ ಒಂದು ತೋಳೇ ಕಡಿದ, ಅಷ್ಟರಲ್ಲಿ ಬಂದ ಗಾವ್ ಶುನ್ ಹಾವ್ ಮೆಂಗ್ ತಲೆ ತೆಗೆದು, ಗಾಯಗೊಂಡ ತ್ಸಾವ್ ಶಿಂಗ್‌ನ ಹೊರಿಸ್ಕೊಂಡು ಲ್ಯೂ ಬು ಎದುರಿಗೆ ತಂದ.

ವಿಚಾರಣೇಲಿ ತ್ಸಾವ್ ಶಿಂಗ್ ಬಾಯ್ಬಿಟ್ಟ, ಇದಕ್ಕೆಲ್ಲಾ ಹಿಂದೆ ಯುವಾನ್ ಶೂ ಇದಾನೆ ಅಂತ. ಇನ್ಯಾರ್ಯಾರು ಸೇರಿದ್ರು ಅಂತ ಕೇಳಿದ್ರೆ ಚೆನ್ ಗುಂಗ್ ಅಂದ. ಚೆನ್ ಗುಂಗ್ ಅಂದ್ರೆ ಲ್ಯೂ ಬುನ ಮುಖ್ಯ ಸಲಹೆಗಾರ, ಅಲ್ಲೇ ಪಕ್ಕದಲ್ಲೇ ಕೂತಿದಾನೆ! ಮುಖ ಕೆಂಪಾಯ್ತಂತೆ, ಅಲ್ಲಿದ್ದೋರೆಲ್ಲಾ ನೋಡಿದ್ರಂತೆ. ಲ್ಯೂ ಬು ಮಾತ್ರ, ದೊಡ್ಡ ಮನುಷ್ಯ ಅಂತ, ಕೇಳೋಕೇ ಹೋಗ್ಲಿಲ್ಲ. ತ್ಸಾವ್ ಶಿಂಗ್‌ಗೆ ಶಹಬ್ಬಾಸ್ ಅಂದು ಹಾವ್ ಮೆಂಗ್ ಪಾಳೆಯ ಕೊಟ್ಟ.

ಗಾವ್ ಶುನ್‌ಗೆ ಏನ್ ಬಹುಮಾನ ಸಿಕ್ತು?

ಏನೂ ಇಲ್ಲ, ಇದ್ದಿದ್ದೂ ಹೋಯ್ತು. ಆ ದಂಗೆ ಆದ್ಮೇಲೆ ಲ್ಯೂ ಬು ಅವನನ್ನ ಇನ್ನೂ ದೂರ ಇಟ್ಟ ಅಂತ ಟಿಪ್ಪಣಿ ಹೇಳುತ್ತೆ. ವೇಯ್ ಶೂ ಅಂತ ಒಬ್ಬ ಇದ್ದ, ಲ್ಯೂ ಬುಗೆ ನೆಂಟ, ಆ ನೆಂಟಸ್ತನದ ಲೆಕ್ಕದಲ್ಲಿ ಗಾವ್ ಶುನ್ ಪಡೆ ಪೂರ್ತಿ ಕಿತ್ತು ಅವನ ಕೈಗೆ ಕೊಟ್ಟ. ಹಾಗಂತ ವೇಯ್ ಶೂ ಅದನ್ನ ಯುದ್ಧದಲ್ಲಿ ನಡೆಸ್ತಿದ್ನಾ ಅಂದ್ರೆ ಅದೂ ಇಲ್ಲ! ಕಾಳಗ ಬಂದಾಗ ಆ ಜನರನ್ನ ನಡೆಸೋಕೆ ಮತ್ತೆ ಗಾವ್ ಶುನ್‌ನೇ ಕರೀತಿದ್ದ, ಮುಗಿದ್ಮೇಲೆ ವಾಪಸ್ ವೇಯ್ ಶೂ ಕೈಗೆ. ಅಂದ್ರೆ ಕೆಲ್ಸ ಇವನದ್ದು, ಕುರ್ಚಿ ಅವನದ್ದು. ಆಫೀಸಲ್ಲಿ ಇದನ್ನ ಅನುಭವಿಸಿರೋರು ಈ ಪೇಜಲ್ಲಿ ಇಲ್ಲೇ ಜಾಸ್ತಿ ಹೊತ್ತು ನಿಲ್ತೀರ ಅನ್ಸುತ್ತೆ.

ಆದ್ರೂ ಗಾವ್ ಶುನ್ ಮನಸಲ್ಲಿ ಕೊನೇವರೆಗೂ ಕಹಿ ಇರ್ಲಿಲ್ಲ ಅಂತ ಬರೆದಿದಾರೆ. ಮನಸಲ್ಲಿ ಏನಿತ್ತು ಅಂತ ಬರೆದವರಿಗೆ ಹೇಗ್ ಗೊತ್ತು ಅನ್ನೋದು ನನ್ನ ತಕರಾರು. ಬಾಯಿಬಿಟ್ಟು ಏನೂ ಹೇಳ್ಲಿಲ್ಲ, ಅಷ್ಟು ಖಂಡಿತ.

ಪ್ರಾಣ ಉಳಿಸಿದವನನ್ನೇ ಯಾಕೆ ದೂರ ಮಾಡ್ದ?

ಕಾರಣ ಬಿಡಿಸಿ ಬರೆದಿಲ್ಲ, ನನಗೆ ಅನ್ಸೋದು ಹೇಳ್ತೀನಿ. ತನ್ನದೇ ದಂಡನಾಯಕ ರಾತ್ರಿ ಬಂದು ಬಾಗ್ಲು ಒಡೆಯೋಕೆ ನೋಡಿದ ಮೇಲೆ ಲ್ಯೂ ಬುಗೆ ನೆಂಟರಲ್ಲದ ಎಲ್ಲರ ಮೇಲೂ ಅನುಮಾನ ಹುಟ್ಟಿರ್ಬೇಕು, ಅದರಲ್ಲೂ ಅತ್ಯುತ್ತಮ ಪಡೆ ಯಾರ ಕೈಲಿದೆಯೋ ಅವನ ಮೇಲೆ ಜಾಸ್ತಿ, ಯಾಕಂದ್ರೆ ಒಂದೇ ರಾತ್ರೀಲಿ ದಂಗೆ ಅಡಗಿಸೋ ತಾಕತ್ತಿರೋನಿಗೆ ಒಂದೇ ರಾತ್ರೀಲಿ ದಂಗೆ ಏಳೋ ತಾಕತ್ತೂ ಇರುತ್ತೆ ಅಲ್ವಾ. ಇನ್ನೊಂದು, ಅರೆಬಟ್ಟೇಲಿ ಪಾಯಖಾನೆ ಗೋಡೆ ದಾಟಿ ಬಂದಿದ್ದನ್ನ ಕಣ್ಣಾರೆ ಕಂಡವನು ದಿನಾ ಎದುರಿಗಿದ್ರೆ ಕೆಲವರಿಗೆ ಆಗಲ್ಲ. ಸ್ವತಃ ಇಬ್ಬರು ಯಜಮಾನರನ್ನ ಕೊಂದವನಿಗೆ ನಿಯತ್ತು ಅನ್ನೋದು ನಂಬೋ ವಸ್ತು ಆಗಿರೋಕೆ ಹೇಗೆ ಸಾಧ್ಯ ಹೇಳಿ.

ಗಾವ್ ಶುನ್ ಸುಮ್ನೆ ತಲೆ ಆಡಿಸ್ತಿದ್ದ ಆಳಾ ಹಾಗಾದ್ರೆ?

ಅಲ್ವೇ ಅಲ್ಲ, ಇದು ದೊಡ್ಡ ತಪ್ಪು ತಿಳುವಳಿಕೆ. ಮುಖದ ಮೇಲೇ ಹೇಳ್ತಿದ್ದ. ಮನೆ ಮುರಿಯೋದು, ರಾಜ್ಯ ಹಾಳಾಗೋದು ನಿಷ್ಠೆ ಇರೋರು ಬುದ್ಧಿ ಇರೋರು ಇಲ್ಲದೇ ಅಲ್ಲ, ಇದ್ದೋರನ್ನ ಬಳಸ್ಕೊಳ್ಳದೇ, ನೀವು ಯಾವ ಹೆಜ್ಜೆ ಇಡುವಾಗ್ಲೂ ಸರಿಯಾಗಿ ಯೋಚ್ನೆ ಮಾಡಲ್ಲ, ಆಮೇಲೆ ತಪ್ಪಾಯ್ತು ಅಂತೀರ, ಆ ತಪ್ಪಿಗೆ ಲೆಕ್ಕನೇ ಇಲ್ಲ, ಅನ್ನೋ ಅರ್ಥದ ಮಾತು ಅವನ ಬಾಯಲ್ಲಿ ದಾಖಲಾಗಿದೆ. ಯಜಮಾನನಿಗೆ, ಅದೂ ಲ್ಯೂ ಬು ಥರದ ಕೋಪಿಷ್ಠನಿಗೆ ಇಷ್ಟು ಹೇಳೋಕೆ ಎದೆ ಬೇಕು. ಅವನು ನಿಷ್ಠಾವಂತ ಅಂತ ಲ್ಯೂ ಬುಗೂ ಗೊತ್ತಿತ್ತಂತೆ, ಆದ್ರೆ ಮಾತು ಮಾತ್ರ ಕೇಳ್ತಿರ್ಲಿಲ್ಲ.

ಒಂದು ಉದಾಹರಣೆ ಇದೆ. ಜಾಂಗ್ ಬಾ ಅನ್ನೋ ಪೂರ್ವದ ಕಡೆಯ ನಾಯಕ ಜ್ಯೂ ಅನ್ನೋ ಊರು ಗೆದ್ದು ಅಲ್ಲಿನ ಸಾಮಾನು ಕೊಡ್ತೀನಿ ಅಂತ ಲ್ಯೂ ಬುಗೆ ಮಾತು ಕೊಟ್ಟಿದ್ದ, ಸಾಮಾನು ಮಾತ್ರ ಕಳಿಸ್ಲಿಲ್ಲ, ಲ್ಯೂ ಬು ಖುದ್ದು ವಸೂಲಿಗೆ ಹೊರಟ. ಗಾವ್ ಶುನ್ ತಡೆದ: ನೀವು ದೊಂಗ್ ಜುವೊನ ಕೊಂದವರು, ಕೂತಲ್ಲೇ ಕೂತು ಕಣ್ಣು ತಿರುಗಿಸಿದ್ರೆ ಸಾಕು ಜನ ಹೆದರ್ತಾರೆ, ಸಣ್ಣ ವಿಷ್ಯಕ್ಕೆ ನೀವೇ ಹೋಗಿ ಅಕಸ್ಮಾತ್ ಗೆಲ್ಲದಿದ್ರೆ ಹೆಸರಿಗೆ ಎಷ್ಟು ಪೆಟ್ಟು ಅಂತ. ಕೇಳ್ಲಿಲ್ಲ, ಹೋದ. ಲೂಟಿ ಮಾಡೋಕೆ ಬಂದ ಅಂತ ಜಾಂಗ್ ಬಾ ಕೋಟೆ ಬಾಗ್ಲು ಹಾಕ್ಕೊಂಡು ಕೂತ, ಲ್ಯೂ ಬು ಬರಿಗೈಲಿ ಶಿಯಾಪಿಗೆ ವಾಪಸ್. ಗಾವ್ ಶುನ್ ಹೇಳಿದ್ದು ಹೇಳಿದ ಹಾಗೇ ಆಯ್ತು. ಯಜಮಾನನ ಬಲ ಎಲ್ಲಿದೆ ಅಂತ ಯಜಮಾನನಿಗಿಂತ ಚೆನ್ನಾಗಿ ಗೊತ್ತಿದ್ದವನು ಇವನು, ಖಾಲಿ ಹೊಡೆದಾಟದ ಆಳಲ್ಲ.

ಗಾವ್ ಶುನ್ ಗೆದ್ದ ದೊಡ್ಡ ಯುದ್ಧ ಯಾವ್ದು?

198ರದ್ದು. ಆ ವರ್ಷ ವಸಂತದಲ್ಲಿ ಲ್ಯೂ ಬು ಕುದುರೆ ಕೊಳ್ಳೋಕೆ ಚಿನ್ನ ಕೊಟ್ಟು ಹೆನೇಯ್ ಕಡೆ ಜನ ಕಳ್ಸಿದ್ದ, ದಾರೀಲಿ ಲಿಯು ಬೆಯ್ ಸೈನಿಕರು ದೋಚ್ಬಿಟ್ರು. ಲ್ಯೂ ಬು ಆಗ ಮತ್ತೆ ಯುವಾನ್ ಶೂ ಪಕ್ಷಕ್ಕೆ ವಾಲಿದ್ದ, ಗಾವ್ ಶುನ್, ಜಾಂಗ್ ಲಿಯಾವ್ ಇಬ್ಬರನ್ನೂ ಪೇ ಊರಲ್ಲಿದ್ದ ಲಿಯು ಬೆಯ್ ಮೇಲೆ ಕಳ್ಸಿದ. ತ್ಸಾವ್ ತ್ಸಾವ್ ತನ್ನ ಆಪ್ತ ದಂಡನಾಯಕ ಶಿಯಾಹೌ ದುನ್‌ನ ಸಹಾಯಕ್ಕೆ ಕಳ್ಸಿದ್ರೆ ಗಾವ್ ಶುನ್ ಅವನನ್ನೂ ಸೋಲಿಸ್ದ. ಒಂಬತ್ತನೇ ತಿಂಗಳಲ್ಲಿ ಪೇ ಕೋಟೆ ಬಿತ್ತು, ಲಿಯು ಬೆಯ್ ಒಬ್ಬನೇ ಓಡಿ ತಪ್ಪಿಸ್ಕೊಂಡ, ಹೆಂಡ್ತಿ ಮಕ್ಕಳು ಸಿಕ್ಕಿಬಿದ್ರು. ಮುಂದೆ ಒಂದು ರಾಜ್ಯಕ್ಕೆ ಚಕ್ರವರ್ತಿ ಆದವನನ್ನ, ತ್ಸಾವ್ ತ್ಸಾವ್‌ನ ಅತ್ಯಂತ ನಂಬಿಕಸ್ಥ ದಂಡನಾಯಕನನ್ನ, ಇಬ್ಬರನ್ನೂ ಒಂದೇ ದಂಡಯಾತ್ರೇಲಿ ಸೋಲಿಸಿದ ಮನುಷ್ಯ, ಇತಿಹಾಸದಲ್ಲಿ ಸಿಕ್ಕಿದ್ದು ಒಂದೆರಡು ಸಾಲು.

ಗೆದ್ದಿದ್ದೇ ಕುತ್ತಾಯ್ತು ಅನ್ನಿ, ಹತ್ತನೇ ತಿಂಗಳಲ್ಲಿ ತ್ಸಾವ್ ತ್ಸಾವ್ ಖುದ್ದು ಸೈನ್ಯ ತಗೊಂಡು ಹೊರಟ.

ಶಿಯಾಹೌ ದುನ್ ಕಣ್ಣು ಹೋಗಿದ್ದು ಗಾವ್ ಶುನ್ ಕೈಲಾ?

ಇಲ್ಲ. ಲ್ಯೂ ಬು ವಿರುದ್ಧದ ಯುದ್ಧದಲ್ಲಿ ಎಲ್ಲಿಂದಲೋ ಬಂದ ಬಾಣ ಎಡಗಣ್ಣಿಗೆ ತಾಗ್ತು ಅಂತಷ್ಟೇ ಅವನ ಚರಿತ್ರೇಲಿದೆ, ಬಿಟ್ಟವನ ಹೆಸರಿಲ್ಲ. ತ್ಸಾವ್ ಶಿಂಗ್ ಬಾಣ ಬಿಟ್ಟ, ಇವನು ಆ ಕಣ್ಣು ಕಿತ್ತು ನುಂಗ್ದ ಅನ್ನೋದು ಕಾದಂಬರಿ ಕಥೆ. ಸೈನ್ಯದಲ್ಲಿ ಅವನಿಗೆ ಕುರುಡ ಶಿಯಾಹೌ ಅಂತ ಅಡ್ಡಹೆಸರು ಬಿತ್ತಂತೆ, ಕನ್ನಡಿ ನೋಡಿದಾಗೆಲ್ಲಾ ಸಿಟ್ಟಲ್ಲಿ ನೆಲಕ್ಕೆ ಬಿಸಾಡ್ತಿದ್ದನಂತೆ. ನುಂಗಿದ ಕಥೆಗಿಂತ ಇದೇ ನನಗೆ ಜಾಸ್ತಿ ಹಿಡಿಸುತ್ತೆ.

ಚೆನ್ ಗುಂಗ್ ಜೊತೆ ಜಗಳ ಇತ್ತಂತೆ ನಿಜನಾ?

ಇಬ್ಬರಿಗೂ ಆಗ್ತಿರ್ಲಿಲ್ಲ ಅನ್ನೋದು ದಾಖಲೇಲಿದೆ, ಹೇಳಿದವಳು ಲ್ಯೂ ಬು ಹೆಂಡ್ತಿ. ತ್ಸಾವ್ ತ್ಸಾವ್ ಬಂದು ಮುತ್ತಿಗೆ ಹಾಕಿದಾಗ ಚೆನ್ ಗುಂಗ್ ಒಂದು ಉಪಾಯ ಹೇಳ್ದ, ನೀವು ಕುದುರೆ ಪಡೆ ತಗೊಂಡು ಹೊರಗೆ ನಿಲ್ಲಿ, ನಾವು ಒಳಗಿಂದ ಕೋಟೆ ಕಾಯ್ತೀವಿ, ಅವರು ನಿಮ್ಮ ಮೇಲೆ ಬಂದ್ರೆ ನಾವು ಹಿಂದಿಂದ ಹೊಡೀತೀವಿ, ನಮ್ಮ ಮೇಲೆ ಬಂದ್ರೆ ನೀವು ಹೊರಗಿಂದ ಹೊಡೀರಿ ಅಂತ. ಲ್ಯೂ ಬು ಒಪ್ಪಿದ್ದ. ಆದ್ರೆ ಹೆಂಡ್ತಿ ಅಂದ್ಲು, ಚೆನ್ ಗುಂಗ್‌ಗೂ ಗಾವ್ ಶುನ್‌ಗೂ ಮೊದ್ಲಿಂದ ಸರಿಯಿಲ್ಲ, ನೀವು ಹೊರಗೆ ಕಾಲಿಟ್ರೆ ಅವರಿಬ್ಬರೂ ಒಂದೇ ಮನಸಲ್ಲಿ ಕೋಟೆ ಕಾಯ್ತಾರಾ, ಏನಾದ್ರೂ ಎಡವಟ್ಟಾದ್ರೆ ನೀವು ಎಲ್ಲಿ ನಿಲ್ತೀರ ಅಂತ. ಲ್ಯೂ ಬು ಕೈಬಿಟ್ಟ.

ಎಲ್ಲರೂ ಆಯಮ್ಮನ್ನ ಬೈತಾರೆ, ನನಗೆ ಅವಳ ಮಾತಲ್ಲಿ ತಪ್ಪು ಕಾಣಲ್ಲ. ಹಾವ್ ಮೆಂಗ್ ದಂಗೇಲಿ ಹೆಸರು ಕೇಳಿಬಂದವನೊಬ್ಬ, ಆ ದಂಗೆ ಅಡಗಿಸಿದವನು ಇನ್ನೊಬ್ಬ, ವಿಚಾರಣೆ ಮಾಡದೇ ಇಬ್ಬರನ್ನೂ ಅಕ್ಕಪಕ್ಕ ಕೂರ್ಸಿದ್ದು ಲ್ಯೂ ಬು, ಇವರಿಬ್ಬರ ಮನಸ್ಸು ಕೂಡೋದಾದ್ರೂ ಹೇಗೆ? ಆ ದಂಗೇಲಿ ಪಾಯಖಾನೆ ಗೋಡೆ ದಾಟಿದವಳು ಇವಳೇನಾ ಬೇರೆಯವಳಾ ಅನ್ನೋದು ಬಿಡಿ, ಕೋಟೆ ಒಳಗೆ ಯಾರ್ಯಾರಿಗೆ ಆಗಲ್ಲ ಅನ್ನೋದು ಆ ಮನೆಯವರಿಗೆ ಚೆನ್ನಾಗೇ ಗೊತ್ತಿತ್ತು.

ಶಿಯಾಪಿ ಹೇಗೆ ಬಿತ್ತು?

ಮುತ್ತಿಗೆ ಮೂರು ತಿಂಗಳು ಎಳೀತು. ತ್ಸಾವ್ ತ್ಸಾವ್ ಸೈನ್ಯನೂ ಸುಸ್ತಾಗಿ ಅವನು ವಾಪಸ್ ಹೋಗೋ ಯೋಚ್ನೆ ಮಾಡ್ದ, ಸಲಹೆಗಾರರಾದ ಶುನ್ ಯೋ, ಗುವೊ ಜಿಯಾ ಬೇಡ ಅಂದು, ಯೀ ಮತ್ತೆ ಸೀ ನದಿಗಳ ನೀರು ತಿರುಗಿಸಿ ಕೋಟೆಗೆ ಹರಿಸೋ ದಾರಿ ತೋರ್ಸಿದ್ರು. ಒಳಗೆ ನೀರು, ಹಸಿವು, ಮನಸ್ತಾಪ.

ಅದರ ಮಧ್ಯೆ ಹೌ ಚೆಂಗ್ ಅನ್ನೋ ದಂಡನಾಯಕನ ಕಥೆ ಬರುತ್ತೆ. ಅವನ ಕಡೆಯ ಆಳು ಹದಿನೈದು ಕುದುರೆ ಹೊಡ್ಕೊಂಡು ಲಿಯು ಬೆಯ್ ಕಡೆ ಓಡಿದ್ದ, ಹೌ ಚೆಂಗ್ ಬೆನ್ನಟ್ಟಿ ವಾಪಸ್ ತಂದ, ಉಳಿದ ದಂಡನಾಯಕರು ಖುಷಿಗೆ ಕಾಣಿಕೆ ಕೊಟ್ರು. ಇವನು ಮದ್ಯ ಕಾಯ್ಸಿ, ಹತ್ತಾರು ಹಂದಿ ಬೇಟೆ ಆಡಿ, ಎಲ್ಲರೂ ತಿನ್ನೋಕ್ಮುಂಚೆ ಅರ್ಧ ಹಂದಿ, ಒಂದಿಷ್ಟು ಮದ್ಯ ಲ್ಯೂ ಬುಗೆ ತಗೊಂಡೋದ. ಲ್ಯೂ ಬು ಹರಿಹಾಯ್ದ, ನಾನು ಕುಡಿಯೋದು ನಿಷೇಧ ಮಾಡಿದ್ರೆ ನೀವು ಮದ್ಯ ಕಾಯ್ಸಿ ಒಟ್ಟಿಗೆ ಕುಡಿದು ಅಣ್ತಮ್ಮಂದಿರಾಗಿ ನನ್ನೇ ಮುಗಿಸ್ಬೇಕು ಅಂತಿದೀರಾ ಅಂತ. ಹೌ ಚೆಂಗ್ ಹೆದರಿ ಮದ್ಯ ಚೆಲ್ಲಿ ಕಾಣಿಕೆ ಎಲ್ಲಾ ವಾಪಸ್ ಕೊಟ್ಟ. ಇಡೀ ಸೈನ್ಯದಲ್ಲಿ ಕುಡೀದೇ ಇದ್ದವನು, ಕಾಣಿಕೆ ಮುಟ್ಟದೇ ಇದ್ದವನು ಒಬ್ಬ ಇದ್ದ, ಅವನ ಪಡೇನೇ ಕಿತ್ಕೊಂಡಾಗಿತ್ತು.

ಕೊನೆಗೆ ಹೌ ಚೆಂಗ್, ಸೊಂಗ್ ಶಿಯೆನ್, ವೇಯ್ ಶೂ ಮೂವರೂ ಸೇರಿ ಚೆನ್ ಗುಂಗ್‌ನೂ ಗಾವ್ ಶುನ್‌ನೂ ಹಿಡಿದು ಕಟ್ಟಿಹಾಕಿ, ಸೈನ್ಯ ಸಮೇತ ಶರಣಾದ್ರು. ಹೌದು, ಅದೇ ವೇಯ್ ಶೂ. ನೆಂಟ ಅಂತ ಯಾರ ಕೈಗೆ ಆ ಏಳ್ನೂರು ಜನರನ್ನ ಕೊಟ್ಟಿದ್ನೋ ಅವನೇ, ಆ ಜನರನ್ನ ಬೆಳೆಸಿದವನನ್ನ ಹಗ್ಗ ಹಾಕಿ ಶತ್ರು ಕೈಗೆ ಒಪ್ಪಿಸ್ದ. ಇಡೀ ಕಥೇಲಿ ನನಗೆ ಮರೆಯೋಕಾಗದ ಜಾಗ ಇದು.

ಲ್ಯೂ ಬು ಸೆರೆ ಸಿಕ್ಕಮೇಲೆ ತ್ಸಾವ್ ತ್ಸಾವ್ ಎದುರು, ನಾನು ದಂಡನಾಯಕರನ್ನ ಚೆನ್ನಾಗಿ ನೋಡ್ಕೊಂಡೆ, ಕಷ್ಟ ಬಂದಾಗ ಎಲ್ಲಾ ಕೈಕೊಟ್ರು ಅಂತ ಅಲವತ್ತುಕೊಂಡ. ಅದಕ್ಕೆ ತ್ಸಾವ್ ತ್ಸಾವ್, ಕಟ್ಕೊಂಡ ಹೆಂಡ್ತಿ ಬಿಟ್ಟು ದಂಡನಾಯಕರ ಹೆಂಡ್ತೀರ ಮೇಲೆ ಕಣ್ಣು ಹಾಕ್ದೆ, ಅದೇನಾ ಚೆನ್ನಾಗಿ ನೋಡ್ಕೊಳ್ಳೋದು ಅಂತ ಕೇಳ್ದ. ಲ್ಯೂ ಬು ಬಾಯಿ ಮುಚ್ತು.

ಗಾವ್ ಶುನ್ ಹೇಗೆ ಸತ್ತ?

ಲ್ಯೂ ಬು, ಚೆನ್ ಗುಂಗ್, ಗಾವ್ ಶುನ್ ಮೂವರನ್ನೂ ಕೊಂದು, ತಲೆಗಳನ್ನ ಆಗ ಚಕ್ರವರ್ತಿ ಇದ್ದ ಶೂ ಪಟ್ಟಣಕ್ಕೆ ಕಳ್ಸಿ ಪ್ರದರ್ಶನ ಮಾಡಿ ಆಮೇಲೆ ಮಣ್ಣು ಮಾಡಿದ್ರು. ಚೀನೀ ಲೆಕ್ಕದಲ್ಲಿ ಅದು 198ರ ಕೊನೇ ತಿಂಗಳು, ನಮ್ಮ ಕ್ಯಾಲೆಂಡರ್ ಪ್ರಕಾರ 199ರ ಫೆಬ್ರವರಿ ಹೊತ್ತಿಗೆ ಬೀಳುತ್ತೆ. ಲ್ಯೂ ಬು ಕೊನೇ ಮಾತು ದಾಖಲಾಗಿದೆ, ಚೆನ್ ಗುಂಗ್ ಕೊನೇ ಮಾತೂ ದಾಖಲಾಗಿದೆ, ಗಾವ್ ಶುನ್‌ದು ಒಂದಕ್ಷರ ಇಲ್ಲ. ಅದನ್ನೇ ಹಿಡ್ಕೊಂಡು ಮುಂದೆ ಕಾದಂಬರಿಕಾರರು, ತ್ಸಾವ್ ತ್ಸಾವ್ ಏನಾದ್ರೂ ಹೇಳೋದಿದ್ಯಾ ಅಂತ ಕೇಳ್ದ, ಇವನು ಬಾಯೇ ಬಿಡ್ಲಿಲ್ಲ, ಅವನು ಸಿಟ್ಟಲ್ಲಿ ತಲೆ ಕಡಿಸ್ದ ಅಂತ ಬರೆದ್ರು. ದೃಶ್ಯ ಚೆನ್ನಾಗಿದೆ, ಇತಿಹಾಸ ಅಲ್ಲ.

ಜಾಂಗ್ ಲಿಯಾವ್‌ನ ಉಳ್ಸಿದ್ರಲ್ಲ, ಇವನನ್ನ ಯಾಕೆ ಉಳ್ಸಲಿಲ್ಲ?

ಅತಿ ಹೆಚ್ಚು ಬರೋ ಪ್ರಶ್ನೆ ಇದೇ. ತ್ಸಾವ್ ತ್ಸಾವ್ ಪ್ರತಿಭೆ ಕಂಡ್ರೆ ಬಿಡದ ಮನುಷ್ಯ, ಜಾಂಗ್ ಲಿಯಾವ್‌ಗೆ ಪದವಿ ಕೊಟ್ಟ, ಜಾಂಗ್ ಬಾ ಅವಿತ್ಕೊಂಡಿದ್ದವನನ್ನ ಹುಡುಕ್ಸಿ ಕರ್ಸಿ ಕೆಲ್ಸ ಕೊಟ್ಟ. ಚೆನ್ ಗುಂಗ್‌ನ ಕೊಂದ್ರೂ ಅವನ ತಾಯಿನ ಕೊನೇವರೆಗೂ ಸಾಕ್ದ, ಮಗಳ ಮದುವೆ ಮಾಡ್ಸಿದ. ಗಾವ್ ಶುನ್ ವಿಷ್ಯದಲ್ಲಿ ಮಾತ್ರ ಏನೂ ಇಲ್ಲ.

ಶಿಯಾಹೌ ದುನ್‌ನ ಸೋಲಿಸಿದ ಸಿಟ್ಟು ಅಂತ ಕೆಲವರು ಹೇಳ್ತಾರೆ, ಆದ್ರೆ ಆ ದಂಡಯಾತ್ರೇಲಿ ಜಾಂಗ್ ಲಿಯಾವೂ ಇದ್ದ. ನನಗೆ ಕಾಣೋ ವ್ಯತ್ಯಾಸ ಬೇರೆ. ಜಾಂಗ್ ಲಿಯಾವ್ ತನ್ನ ಜನರನ್ನ ಕರ್ಕೊಂಡು ಬಂದು ಶರಣಾದ ಅಂತ ಸ್ಪಷ್ಟವಾಗಿ ಬರೆದಿದೆ, ಅಂದ್ರೆ ಅವನ ಕೈಲಿ ಸೈನ್ಯ ಇತ್ತು, ಸೈನ್ಯ ಇರೋನ ಜೊತೆ ಮಾತುಕತೆ ನಡೆಯುತ್ತೆ. ಗಾವ್ ಶುನ್ ಹಗ್ಗದಲ್ಲಿ ಕಟ್ಟಿಸ್ಕೊಂಡು ಬಂದ, ಅವನ ಜನ ಆಗ್ಲೇ ವೇಯ್ ಶೂ ಹೆಸರಲ್ಲಿದ್ರು, ಶರಣಾಗ್ತೀನಿ ಅಂದ್ರೂ ಕೊಡೋಕೆ ಏನಿತ್ತು? ಪಡೆ ಕಿತ್ಕೊಂಡಿದ್ದು ಅವಮಾನ ಅಂತ ಎಲ್ಲರೂ ಓದ್ತಾರೆ, ನನ್ನ ಪ್ರಕಾರ ಅವನ ತಲೆ ಹೋಗಿದ್ದೂ ಅದರಿಂದ್ಲೇ. ಇದು ನನ್ನ ಊಹೆ, ವಾದ ಮಾಡೋರು ಮಾಡ್ಬಹುದು.

ಇವನನ್ನ ಕರ್ಣನಿಗೆ ಹೋಲಿಸ್ಬಹುದಾ?

ಸುಮಾರು ಜನ ಹೋಲಿಸ್ತಾರೆ, ನನಗೆ ಸರಿ ಬರಲ್ಲ. ಕರ್ಣನಿಗೆ ದುರ್ಯೋಧನ ಅಂಗರಾಜ್ಯ ಕೊಟ್ಟ, ಸಭೇಲಿ ಪಕ್ಕದಲ್ಲಿ ಕೂರ್ಸ್ಕೊಂಡ, ಮಾತು ಕೇಳ್ದ. ನಮ್ಮ ಕಡೆ ಜೋಳದಪಾಳಿ ಅಂದ್ರೆ ಉಂಡ ಅನ್ನಕ್ಕೆ ಪ್ರಾಣ ಕೊಡೋದು, ಇಲ್ಲಿ ಅನ್ನ ಇಕ್ಕಿದವನೇ ಎಲೆ ಎಳ್ಕೊಂಡಿದಾನೆ.

ಪಕ್ಷ ಬದಲಾಯಿಸ್ಬಹುದಿತ್ತಲ್ಲ, ಆಗ ಎಲ್ಲರೂ ಬದಲಾಯಿಸ್ತಿದ್ರು?

ಬದಲಾಯಿಸ್ಬಹುದಿತ್ತು, ಯಾರೂ ತಪ್ಪು ಅಂತಿರ್ಲಿಲ್ಲ. ಜಾಂಗ್ ಲಿಯಾವ್ ಲ್ಯೂ ಬುಗೆ ಮುಂಚೆ ಮೂರ್ನಾಲ್ಕು ಜನರ ಹತ್ರ ಇದ್ದವನು. ಆದ್ರೆ ಆಗ ಯಜಮಾನರ ಕಡೆಯೂ ಒಮ್ಮೆ ನೋಡಿ. ಮೇಲೆ ಹೇಳಿದ ಜ್ಯೂ ಯಿ ಇದ್ನಲ್ಲ, ಯುವಾನ್ ಶಾವ್‌ಗೆ ಅಷ್ಟು ದೊಡ್ಡ ಯುದ್ಧ ಗೆದ್ದುಕೊಟ್ಟು, ಅದನ್ನ ಹೇಳ್ಕೊಂಡು ಮೆರೆದ ಅಂತ ಯುವಾನ್ ಶಾವ್ ಅವನನ್ನ ಕೊಂದೇ ಹಾಕಿದ. ಮೆರೆದವನಿಗೂ ಸಾವು, ಸುಮ್ನಿದ್ದವನಿಗೂ ಸಾವು. ಗಾವ್ ಶುನ್ ಯಾಕೆ ಉಳ್ಕೊಂಡ ಅಂತ ಅವನು ಹೇಳಿಲ್ಲ, ಬೇರೆ ಯಾರೂ ಬರೆದಿಲ್ಲ. ನಿಷ್ಠೆಯ ಮೂರ್ತಿ ಮಾಡಿ ಹೂವು ಹಾಕೋಕೆ ನನಗೆ ಮನಸ್ಸಿಲ್ಲ, ಅವನು ಮಾಡಿದ ಕೆಲ್ಸ ನೋಡಿದ್ರೆ ಕೆಲ್ಸ ಗೊತ್ತಿದ್ದ ಮನುಷ್ಯ ಅನ್ಸುತ್ತೆ, ಅಷ್ಟು ಸಾಕು.

ಹೆಂಡ್ತಿ ಮಕ್ಕಳು?

ದಾಖಲೇಲಿಲ್ಲ. ಬೇರೆ ಕಡೆ ಮಗಳ ಹೆಸರು, ಪ್ರೇಮಕಥೆ ಏನಾದ್ರೂ ಓದಿದ್ರೆ ಅದು ಈಗಿನವರ ಕಲ್ಪನೆ.

ಈ ಊರುಗಳು ಈಗ ಎಲ್ಲಿವೆ?

ಮುಖ್ಯವಾದ ಎರಡು, ಶಿಯಾಪಿ ಮತ್ತೆ ಪೇ, ಪೂರ್ವ ಚೀನಾದ ಜಿಯಾಂಗ್ಸು ಪ್ರಾಂತ್ಯದ ಉತ್ತರದ ತುದೀಲಿ. ಹಳೇ ಶಿಯಾಪಿ ಇದ್ದ ಜಾಗ ಸುಯ್‌ನಿಂಗ್ ಕೌಂಟಿಯಲ್ಲಿದೆ, ಪೇ ಅನ್ನೋದು ಈಗಿನ ಪೇ ಕೌಂಟಿ, ಎರಡೂ ಶೂಜೋ ನಗರದ ಆಡಳಿತಕ್ಕೆ ಸೇರಿವೆ. ಹಾನ್ ವಂಶ ಸ್ಥಾಪಿಸಿದ ಲಿಯು ಬಾಂಗ್ ಹುಟ್ಟಿದ್ದು ಆ ಪೇ ಸೀಮೆಯಲ್ಲೇ. ತಲೆಗಳನ್ನ ಕಳ್ಸಿದ ಶೂ ಪಟ್ಟಣ ಅಂದ್ರೆ ಹೆನಾನ್ ಪ್ರಾಂತ್ಯದ ಶೂಚಾಂಗ್.

ಆ ಪಡೆಯ ಘೋಷವಾಕ್ಯ, ಕಪ್ಪು ಕವಚ, ಬಾವುಟ ಎಲ್ಲಾ ರೀಲ್ಸ್‌ನಲ್ಲಿ ಬರುತ್ತಲ್ಲ, ನಿಜನಾ?

ಹಳೇ ಟಿಪ್ಪಣೀಲಿ ಘೋಷವಾಕ್ಯ ಇಲ್ಲ, ಬಣ್ಣ ಇಲ್ಲ, ಬಾವುಟ ಇಲ್ಲ, ಕಾಲಾಳೋ ಕುದುರೆಯೋ ಅಂತ ಕೂಡ ಇಲ್ಲ. ಏಳ್ನೂರು ಚಿಲ್ಲರೆ ಜನ, ಚೊಕ್ಕ ಕವಚ, ಚೊಕ್ಕ ಆಯುಧ, ನುಗ್ಗಿದಲ್ಲೆಲ್ಲಾ ಒಡೆದ್ರು, ಇಷ್ಟೇ. ಯಾರಾದ್ರೂ ಚಿತ್ರ ಹಾಕಿ ಇದೇ ಅವರ ಕವಚ ಅಂದ್ರೆ ಚಿತ್ರ ಚೆನ್ನಾಗಿದೆ ಅಂತ ಹೇಳಿ ಮುಂದಕ್ಕೆ ಹೋಗಿ.